ಕೋಮಲಮ್ಮನ ಜೇನು

ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು.

ಟಾಟಾ ಏಸ್ ಗಾಡಿ. ಕ್ಲೋಸ್ಡ್ ಬಾಡಿ. ಒಳಗೆ ಕತ್ತಲೆ, ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ ಕಾದ ತಗಡು, ಒಂದರ ಮೇಲೊಂದು ಜೋಡಿಸಿದ ಜೇನು ಪೆಟ್ಟಿಗೆಗಳು. ಜೊತೆಗೆ ನಾನು.

ಗಾಡಿ ಜಗ್ಗಿ ಹೊರಟಿತು. ಮೇಲಿನ ಪೆಟ್ಟಿಗೆ ಜಾರಿ ನನ್ನ ಮೊಣಕಾಲಿನ ಮೇಲೆ ಬಿತ್ತು. ಮುಚ್ಚಳ ಎಲ್ಲೋ ಹಾರಿಹೋಯಿತು.

ಮೊದಲು ಸದ್ದು ಬಂತು. ಆಮೇಲೆ ಹುಳುಗಳು ಬಂದವು.

ನಾನು ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳು. ಕುಡುಕರ ಏಟು ತಿಂದಿದ್ದೇನೆ. ಒಮ್ಮೆ ಮಚ್ಚಿನ ಎದುರು ಬರಿಗೈಯಲ್ಲಿ ನಿಂತಿದ್ದೇನೆ. ಮಚ್ಚು ಹಿಡಿದವನ ಕಣ್ಣು ನೋಡಿದರೆ ಅವನು ಬೀಸುತ್ತಾನೋ ಇಲ್ಲವೋ ಗೊತ್ತಾಗುತ್ತದೆ. ಜೇನುಹುಳುವಿನ ಕಣ್ಣು ನೋಡಿ ಏನೂ ತಿಳಿಯುವುದಿಲ್ಲ.

ಕಿವಿಯ ಹಿಂದೆ ಮೊದಲ ಕುಟುಕು. ರೆಪ್ಪೆಯ ಮೇಲೆ ಎರಡನೆಯದು.

ನಿಮಗೆ ಮೊದಲಿನಿಂದ ಹೇಳಬೇಕು. ಇಲ್ಲದಿದ್ದರೆ ನಾನು ಆ ಗಾಡಿಯೊಳಗೆ ಹೋಗಿ ಸಿಕ್ಕಿಕೊಂಡದ್ದು ಶುದ್ಧ ದಡ್ಡತನ ಅನ್ನಿಸುತ್ತದೆ. ಅರ್ಧ ದಡ್ಡತನ ಮಾತ್ರ.

ನನ್ನ ಹೆಸರು ಮೀನಾಕ್ಷಮ್ಮ. ಹೆಡ್ ಕಾನ್‌ಸ್ಟೇಬಲ್ ಕೆಲಸ ಬಿಟ್ಟು ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೂಮು ಹಿಡಿದಿದ್ದೇನೆ. ಕಳುವಾದ ಬೈಕು, ಓಡಿಹೋದ ಅಳಿಯ, ಸುಳ್ಳು ಹೇಳಿ ಹೆಣ್ಣು ಕೊಟ್ಟ ಬೀಗರು... ಇಂಥವೆಲ್ಲ ನನ್ನ ಮೇಜಿಗೆ ಬರುತ್ತವೆ. ಠಾಣೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುವವರು ನನ್ನ ಹತ್ತಿರ ಬರುತ್ತಾರೆ.

ರುದ್ರಮೂರ್ತಿ ಹಾಗೆಯೇ ಬಂದ. ನಲವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ. ಆ ಸೆಕೆಯಲ್ಲೂ ತುಂಬುತೋಳಿನ ಶರ್ಟು, ಕುತ್ತಿಗೆಯ ಗುಂಡಿಯನ್ನೂ ಹಾಕಿದ್ದ. ಕೂತವನು ಮೊದಲು ಕಿಟಕಿ ನೋಡಿದ.

"ಅದನ್ನ ಮುಚ್ತೀರಾ ಮೇಡಂ?"

"ಸೆಕೆ ಆಗುತ್ತೆ."

"ಆಗ್ಲಿ. ಮುಚ್ಚಿ."

ಮುಚ್ಚಿದೆ.

ಅವನ ಪರಿಚಯ ಬೇಕಿರಲಿಲ್ಲ. ಅಜ್ಜಂಪುರದ ಗಂಗಾಧರಯ್ಯನವರ ಜೇನು ಎಂದರೆ ಸುತ್ತ ಮೂರು ತಾಲ್ಲೂಕಿಗೆ ಗೊತ್ತು. ಗಂಗಾಧರಯ್ಯ ತೀರಿಕೊಂಡಿದ್ದರು. ಅವರ ಹೆಂಡತಿ ತೀರ್ಥಮ್ಮ ಈಗ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದರು. ರುದ್ರಮೂರ್ತಿ ಒಬ್ಬನೇ ಮಗ. ಕೋಮಲಾ ಅವನ ಹೆಂಡತಿ. ತರೀಕೆರೆಯಲ್ಲಿ ಇನ್ನೊಂದು ಅಂಗಡಿ. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಪೆಟ್ಟಿಗೆ ಸಾಗಿಸುವುದು, ಜೇನು ತೆಗೆಯುವುದು, ಬಾಟಲಿಗೆ ತುಂಬಿ ಮಾರುವುದು, ಇದು ಆ ಮನೆಯ ಕಸುಬು.

"ನನ್ ಹೆಂಡ್ತಿ ವಾರಕ್ಕೆ ಎರಡ್ ಸಲ ಶಿವನಿ ಊರಿಗೆ ಹೋಗ್ತಾಳೆ," ಎಂದ. "ತರೀಕೆರೆ ಅಂಗ್ಡಿಗೆ ಅಂತ ಹೇಳಿ ಹೊರಡ್ತಾಳೆ. ಸ್ಕೂಟಿ ಮಾತ್ರ ಶಿವನಿ ರಸ್ತೆಗೆ ತಿರುಗ್ತದೆ."

"ಹಿಂದೆ ಹೋಗಿ ನೋಡ್ಬೇಕಿತ್ತು ನೀವು."

ಅವನು ಕೈ ಉಜ್ಜಿಕೊಂಡ. ಜೇನು ಸಾಕುವವರ ಕೈ ನಾನು ನೋಡಿದ್ದೇನೆ. ಉಗುರಿನ ಸಂದಿಯಲ್ಲಿ ಮೇಣ ಇರುತ್ತದೆ, ಚರ್ಮಕ್ಕೆ ಹೊಗೆಯ ವಾಸನೆ ಹಿಡಿದಿರುತ್ತದೆ. ಇವನದು ಬ್ಯಾಂಕ್ ಮ್ಯಾನೇಜರ್ ಕೈಯಂತಿತ್ತು.

"ಫೋಟೋ ಬೇಕು ಮೇಡಂ. ಅವಳು ಯಾವನ ಜೊತೆಗಿರ್ತಾಳೋ ಆ ಫೋಟೋ. ಅಮ್ಮನಿಗೆ ತೋರಿಸ್ಬೇಕು."

"ಅಮ್ಮನಿಗಾ?"

"ಅಮ್ಮನಿಗೆ ಅವಳಂದ್ರೆ ದೇವ್ರು."

ಅನುಮಾನದ ಗಂಡಂದಿರು ನನಗೆ ಹೊಸಬರಲ್ಲ. ಆ ಗಂಡಸು ಯಾರು, ಎಷ್ಟು ವಯಸ್ಸು, ಯಾವ ಜಾತಿ, ಏನು ಕೆಲಸ ಎಂದು ಅವರು ನನ್ನ ತಲೆ ತಿನ್ನುತ್ತಾರೆ. ಇವನಿಗೆ ಆ ಗಂಡಸಿನ ಮೇಲೆ ಕಿಂಚಿತ್ತೂ ಆಸಕ್ತಿ ಇರಲಿಲ್ಲ. ಅದು ನನ್ನ ತಲೆಯಲ್ಲಿ ಉಳಿಯಿತು.

ಕೆಲಸ ಒಪ್ಪಿಕೊಂಡೆ.

ಹೆಂಗಸನ್ನು ಹಿಂಬಾಲಿಸಲು ಹೆಂಗಸೇ ಸರಿ. ಐವತ್ತು ದಾಟಿದವಳು ಸ್ಕೂಟಿಗೆ ಒಂದು ತರಕಾರಿ ಚೀಲ ಸಿಕ್ಕಿಸಿಕೊಂಡು ಹೋದರೆ ಈ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೋಮಲಾ ಕೂಡ ನೋಡಲಿಲ್ಲ. ಶಿವನಿ ಸ್ಟೇಷನ್ ದಾಟಿ, ಮಣ್ಣಿನ ದಾರಿ ಹಿಡಿದು, ಸೂರ್ಯಕಾಂತಿ ಹೊಲದ ಪಕ್ಕದ ಒಂದು ತೆಂಗಿನ ತೋಟಕ್ಕೆ ನುಗ್ಗಿದಳು. ತೋಟದ ನಡುವೆ ತಗಡಿನ ಶೆಡ್ಡು.

ನಾನು ಹಿಂಬದಿಯಿಂದ ಹೋಗಿ ಶೆಡ್ಡಿನ ಕಿಟಕಿಗೆ ಮೊಬೈಲ್ ಹಿಡಿದೆ.

ಒಳಗೆ ಕೋಮಲಾ. ಪಕ್ಕದಲ್ಲಿ ಮೂವತ್ತರೊಳಗಿನ ಒಬ್ಬ ಗಡ್ಡದ ಹುಡುಗ. ಇಬ್ಬರ ತಲೆಯೂ ತಾಗುವಷ್ಟು ಹತ್ತಿರ. ರುದ್ರಮೂರ್ತಿ ಕೇಳಿದ ಫೋಟೋ ಇದೇ. ಬಟನ್ ಒತ್ತಿದರೆ ಸಾಕಿತ್ತು.

ಒತ್ತಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕೋಮಲಾ ಸೂಜಿಯಂಥ ಕಡ್ಡಿಯಿಂದ ಜೇನು ಎರಿಯ ಕಣ್ಣಿನೊಳಗಿನ ಬಿಳಿಯ ಮರಿಹುಳುವೊಂದನ್ನು ಎತ್ತಿ, ಮೇಣದ ಪುಟ್ಟ ಬಟ್ಟಲಿಗೆ ಇಳಿಸುತ್ತಿದ್ದಳು. ಉಸಿರು ಬಿಗಿಹಿಡಿದಿದ್ದಳು. ನನ್ನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ಕಟ್ಟಿಕೊಂಡ ಗಂಡ ಕೂಡ.

ಹಿಂದಿನಿಂದ ತೋಳಿಗೆ ಕೈ ಬಿತ್ತು.

"ಯಾರಮ್ಮಾ ನೀನು? ಕಿಟಕೀಲಿ ಏನ್ ಇಣುಕ್ತಾ ಇದೀಯಾ?"

ತೋಟದ ಯಜಮಾನ ನಂಜುಂಡಪ್ಪ. ಒಂದು ಕೈಯಲ್ಲಿ ನನ್ನ ತೋಳು, ಇನ್ನೊಂದರಲ್ಲಿ ಕುಡುಗೋಲು. ನಾನು ಅವನ ಹೆಬ್ಬೆರಳು ಹಿಡಿದು ತಿರುಚಿದೆ. ಕುಡುಗೋಲು ಕೆಳಗೆ ಬಿತ್ತು. ಅವನು ಕೂಗಿದ. ಒಳಗಿದ್ದ ಇಬ್ಬರೂ ಓಡಿಬಂದರು.

ಕೋಮಲಾ ನನ್ನನ್ನು ನೋಡಿದಳು. ನನ್ನ ಕೈಯ ಮೊಬೈಲ್ ನೋಡಿದಳು.

"ಬಿಡಿ ನಂಜುಂಡಣ್ಣ," ಎಂದಳು. "ನಮ್ಮನೆಯವ್ರು ಕಳಿಸಿರ್ತಾರೆ. ಕೂತ್ಕೊಳ್ಳಿ ಅಕ್ಕಾ. ತೀರ್ಥೇಶ, ಒಂದು ಎಳನೀರು ಕೆತ್ತಪ್ಪಾ."

ಗಡ್ಡದ ಹುಡುಗ ತೀರ್ಥೇಶ. ನಂಜುಂಡಪ್ಪನ ಮಗ. ರಾಣಿ ಹುಳು ಬೆಳೆಸುವುದನ್ನು ಎಲ್ಲೋ ಕಲಿತು ಬಂದಿದ್ದ. ಒಂದು ಪೆಟ್ಟಿಗೆಗೆ ಒಂದೇ ರಾಣಿ. ರಾಣಿ ಇದ್ದರೆ ಸಂಸಾರ, ಇಲ್ಲದಿದ್ದರೆ ಬರೀ ಮರದ ಡಬ್ಬ. ಅದನ್ನು ಕೈಯಾರೆ ಬೆಳೆಸುವುದು ಎಲ್ಲರಿಗೂ ಒಲಿಯುವುದಿಲ್ಲವಂತೆ. ಕೋಮಲಾಗೆ ಒಲಿದಿತ್ತು.

"ಅಕ್ಕಾ, ನೀವು ಪೊಲೀಸ್ ಇದ್ದೋರಲ್ವಾ?" ಎಂದಳು. "ಸಖರಾಯಪಟ್ಟಣದ ತೋಟದಲ್ಲಿ ನಾನು ಇಟ್ಟಿದ್ದ ಪೆಟ್ಟಿಗೆ ಪೂರ್ತಿ ಸತ್ತೋದ್ವು. ಬಾಗಿಲಲ್ಲೇ ರಾಶಿ ಬಿದ್ದಿದ್ವು ಹುಳ. ಪಕ್ಕದಲ್ಲೇ ಬೇರೆಯವ್ರ ಪೆಟ್ಟಿಗೆ ಇದ್ವು. ಅವಕ್ಕೆ ಏನೂ ಆಗಿರ್ಲಿಲ್ಲ."

"ಔಷಧಿ ಹೊಡ್ದಿದ್ದಾರೆ."

"ಹ್ಞೂಂ. ಆಮೇಲೆ ತರೀಕೆರೆ ಹತ್ರ ಇಟ್ಟಿದ್ವೂ ಹೋದ್ವು. ಎಲ್ಲಿ ಇಡ್ತೀನಿ ಅಂತ ಮನೇಲಿ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ."

ಎಳನೀರಿನ ಬುರುಡೆಯನ್ನೇ ನೋಡುತ್ತ ಕೂತಳು.

"ಅದಕ್ಕೇ ಇಲ್ಲಿ ಕದ್ದುಮುಚ್ಚಿ ಬೆಳೆಸ್ತಾ ಇದೀಯಾ?"

"ಮತ್ತೇನ್ ಮಾಡ್ಲಿ? ಅತ್ತೆಗೆ ಹೇಳಿದ್ರೆ ಅವ್ರು ಖುಷಿಗೆ ಮಗನ ಹತ್ರ ಹೇಳ್ಬಿಡ್ತಾರೆ."

"ನಿನ್ ಗಂಡ ಯಾಕೆ ಪೆಟ್ಟಿಗೆ ಹತ್ರ ಬರಲ್ಲ?"

"ಬರಕ್ಕಾಗಲ್ಲ ಅಕ್ಕಾ." ಅವಳ ದನಿ ತಗ್ಗಿತು. "ಹುಳದ ಜೊತೆಗೇ ಬೆಳೆದೋರು. ಎರಡು ವರ್ಷದ ಹಿಂದೆ ಒಂದು ಕುಟುಕ್ತು, ಅಷ್ಟೇ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿ ಬಿದ್ಬಿಟ್ರು. ಇನ್ನೊಂದ್ ಸಲ ಆದ್ರೆ ಜೀವಕ್ಕೇ ಅಪಾಯ ಅಂದ್ರು ಡಾಕ್ಟ್ರು. ಅತ್ತೆ ಆವತ್ತು ಹುಳ ಸುಮ್ಮನಾಗ್ಸೋಕೆ ಮಾವ ಬಳಸ್ತಿದ್ದ ಹೊಗೆ ತಿದಿ ತಂದು ನನ್ನ ಕೈಗೆ ಕೊಟ್ರು. ನಮ್ಮನೆಯವ್ರ ಕಣ್ಣೆದುರಿಗೇ. ಅವ್ರು ಮಂಚದ ಮೇಲೆ ಮಲಗಿದ್ರು, ನೋಡ್ತಾ ಇದ್ರು."

ನಾನು ಎಳನೀರು ಕುಡಿದೆ. ಅವಳ ನಂಬರ್ ಮಾತ್ರ ತೆಗೆದುಕೊಂಡು, ಫೋಟೋ ಇಲ್ಲದೆ ವಾಪಸ್ ಬಂದೆ.

ಮಾರನೆಯ ದಿನ ಬೆಳಿಗ್ಗೆ ಅಜ್ಜಂಪುರದ ಅಂಗಡಿಗೆ ಹೋದೆ. ತೀರ್ಥಮ್ಮ ಗಲ್ಲಾದಲ್ಲಿದ್ದರು. ರುದ್ರಮೂರ್ತಿ ಬಾಟಲಿಗಳನ್ನು ಒರೆಸಿ ಜೋಡಿಸುತ್ತಿದ್ದ. ಅಂತರಘಟ್ಟೆ ಕಡೆಯ ಒಬ್ಬ ಗಿರಾಕಿ ಬಂದ.

"ಕೋಮಲಮ್ಮನ ಜೇನು ಒಂದು ಕೆಜಿ ಕೊಡಿ."

"ಗಂಗಾಧರಯ್ಯನವರ ಜೇನು ಅಂತ ಬಾಟ್ಲಿ ಮೇಲೆ ಬರ್ದಿದೆ," ಎಂದ ರುದ್ರಮೂರ್ತಿ. "ಓದಕ್ಕೆ ಬರಲ್ವಾ?"

ಗಿರಾಕಿ ಪೆಚ್ಚಾದ. ತೀರ್ಥಮ್ಮ ನಕ್ಕರು.

"ಯಾರ ಹೆಸ್ರಾದ್ರೇನಪ್ಪಾ. ನಿಮ್ಮಪ್ಪನ ಕೈಗುಣ ಅವಳಿಗೆ ಬಂದೈತೆ, ಜನ ಹೇಳ್ತಾರೆ."

ಆ ಮುದುಕಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ನಾನು ರುದ್ರಮೂರ್ತಿಯ ಕೈ ನೋಡುತ್ತಿದ್ದೆ. ಒರೆಸುತ್ತಿದ್ದ ಬಟ್ಟೆ ಬಾಟಲಿಯ ಕುತ್ತಿಗೆಗೆ ಸುತ್ತಿಕೊಂಡು ಹಾಗೇ ಬಿಗಿಯಿತು.

ಒಳಗಿನ ಗೋಡೌನಿಗೆ ಕರೆದುಕೊಂಡು ಹೋದ.

"ಫೋಟೋ?"

"ಇಲ್ಲ. ತೆಗೆಯೋ ಅಂಥದ್ದು ಏನೂ ನಡೀತಿಲ್ಲ. ನಿಮ್ಮ ಹೆಂಡ್ತಿ ಚೊಕ್ಕವಾಗಿದ್ದಾರೆ. ಏನೋ ಕೆಲ್ಸ ಕಲೀತಿದ್ದಾರೆ, ಅಷ್ಟೇ."

ಇಂಥ ಮಾತು ಕೇಳಿದ ಗಂಡಸಿನ ಮುಖ ಹಗುರಾಗಬೇಕು. ಕೆಲವರು ಅತ್ತಿದ್ದಾರೆ. ಒಬ್ಬ ನನ್ನ ಕಾಲು ಮುಟ್ಟಿದ್ದ.

ಇವನ ಮುಖ ಕಪ್ಪಾಯಿತು.

"ಏನ್ ಕಲೀತಿದ್ದಾಳೆ? ಶಿವನೀಲಿ ಕಲಿಯೋದೇನಿದೆ?" ಎಂದವನು ತಾನೇ ನಿಲ್ಲಿಸಿದ. "ನಂಜುಂಡಪ್ಪನ ಮಗ. ರಾಣಿ ಬೆಳೆಸೋದು."

ನಾನು ಬಾಗಿಲ ಕಡೆ ಸರಿದೆ.

"ನಮ್ಮಪ್ಪಂಗೆ ಅದು ಬರ್ತಿರ್ಲಿಲ್ಲ ಮೇಡಂ. ನಾನು ವರ್ಷಗಟ್ಲೆ ಗುದ್ದಾಡ್ದೆ. ನಂಗೂ ಬರ್ಲಿಲ್ಲ." ಒಂದು ಹೆಜ್ಜೆ ಹತ್ತಿರ ಬಂದ. "ಅವಳಿಗೆ ಬಂತಾ?"

"ಅವರನ್ನೇ ಕೇಳಿ."

"ಬಂದಿದೆ." ತನಗೆ ತಾನೇ ಹೇಳಿಕೊಂಡ. "ನಿಮ್ ಕೆಲ್ಸ ಮುಗೀತು ಮೇಡಂ. ಹೊರಡಿ."

ಹೆಂಡತಿಗೊಬ್ಬ ಮಿಂಡ ಇದ್ದಿದ್ದರೆ ಅವನಿಗೆ ಆವತ್ತು ಸಮಾಧಾನವಾಗುತ್ತಿತ್ತು. ಅದು ನನಗೆ ಅಲ್ಲೇ ಹೊಳೆಯಿತು. ಅಂಗಡಿಯಿಂದ ಹೊರಗೆ ಬಂದವಳೇ ಕೋಮಲಾಗೆ ಫೋನ್ ಮಾಡಿದೆ.

"ಅವನಿಗೆ ಗೊತ್ತಾಗಿದೆ. ಪೆಟ್ಟಿಗೆ ಈಗ್ಲೇ ಬೇರೆ ಕಡೆ ಸಾಗ್ಸು."

"ಹಗಲಲ್ಲಿ ಆಗಲ್ಲ ಅಕ್ಕಾ, ಹುಳ ಮೇಯಕ್ಕೆ ಹೋಗಿರ್ತವೆ. ನಾನು ತರೀಕೆರೇಲಿದೀನಿ, ಅಂಗ್ಡಿ ನೋಡ್ಕೊಳ್ಳೋರು ಬಂದ ತಕ್ಷಣ ಹೊರಡ್ತೀನಿ. ನಂಜುಂಡಣ್ಣನ ಮನೇವ್ರೆಲ್ಲ ಇವತ್ತು ಮದುವೆಗೆ ಹೋಗಿದ್ದಾರೆ. ತೋಟದಲ್ಲಿ ಯಾರೂ ಇಲ್ಲ."

ನಾನು ಸ್ಕೂಟಿಯನ್ನು ಶಿವನಿ ಕಡೆ ತಿರುಗಿಸಿದೆ. ದಾರಿಯಲ್ಲಿ ಟಯರು ಪಂಕ್ಚರ್. ಹಾಕಿಸಿಕೊಂಡು ಹೋಗುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು.

ತೋಟದಲ್ಲಿ ಟಾಟಾ ಏಸ್ ನಿಂತಿತ್ತು. ಬಾಟಲಿ ಸಾಗಿಸುವ ಅಂಗಡಿಯ ಗಾಡಿ. ಹಿಂದಿನ ಬಾಗಿಲು ತೆರೆದಿತ್ತು. ಒಬ್ಬ ಮನುಷ್ಯ ಪೆಟ್ಟಿಗೆ ಹೊತ್ತು ತಂದು ಒಳಗಿಡುತ್ತಿದ್ದ. ಬಿಳಿಯ ದಪ್ಪ ಸೂಟು, ಮುಖಕ್ಕೆ ಜಾಲರಿ, ಕೈಗೆ ಗ್ಲೌಸು, ಕಾಲಿಗೆ ಗಮ್ ಬೂಟು. ಮಣಿಕಟ್ಟಿಗೂ ಬೂಟಿನ ಬಾಯಿಗೂ ಟೇಪು ಸುತ್ತಿದ್ದ.

ಈ ಬಿಸಿಲಲ್ಲಿ ಅಷ್ಟು ಹೆದರಿ ಮೈ ಮುಚ್ಚಿಕೊಳ್ಳುವವನು ಒಬ್ಬನೇ.

ಅವನು ಇನ್ನೊಂದು ಪೆಟ್ಟಿಗೆಗೆಂದು ಮರಗಳ ಹಿಂದೆ ಹೋದ. ನಾನು ಗಾಡಿಯ ಒಳಗೆ ಹಾರಿದೆ. ಕೈಗೆ ಸಿಕ್ಕಷ್ಟನ್ನು ಕೆಳಗಿಳಿಸುವ ಯೋಚನೆ. ಮೊದಲನೆಯದನ್ನು ಎಳೆಯುತ್ತಿದ್ದಾಗ ಹಿಂದೆ ಬೂಟಿನ ಸದ್ದು ಕೇಳಿತು.

ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತು.

"ನಿಮ್ ಕೆಲ್ಸ ಮುಗೀತು ಅಂದಿದ್ನಲ್ಲ ಮೇಡಂ."

"ಬಾಗ್ಲು ತೆಗಿ ರುದ್ರಮೂರ್ತಿ. ಒಳಗೆ ಬೆಂದು ಹೋಗ್ತೀನಿ."

"ಅವೂ ಬೇಯ್ತವೆ. ಗಾಡೀನ ಬಂಡೆ ಮೇಲೆ ಬಿಸ್ಲಲ್ಲಿ ನಿಲ್ಸಿದ್ರೆ ಸಂಜೆಗೆ ಮೇಣ ಕರಗಿರುತ್ತೆ. ಔಷಧಿ ಹೊಡೆಯೋ ಖರ್ಚೂ ಇಲ್ಲ."

ಆಮೇಲೆ ಗಾಡಿ ಹೊರಟಿತು. ಪೆಟ್ಟಿಗೆ ಬಿತ್ತು. ಅದನ್ನು ಆಗಲೇ ಹೇಳಿದೆ.

ಫೋನ್ ಹೊರತೆಗೆದೆ. ಅದರ ಬೆಳಕಿಗೆ ಹುಳುಗಳು ನುಗ್ಗಿದವು. ಬೆರಳು ತುಂಬ ಕುಟುಕಿಸಿಕೊಂಡೇ ಕೋಮಲಾಗೆ ಡಯಲ್ ಮಾಡಿದೆ.

"ಅವನ ಗಾಡಿಯೊಳಗಿದೀನಿ. ಪೆಟ್ಟಿಗೆ ಒಡೆದಿದೆ."

ಆ ಕಡೆ ಗಾಳಿಯ ಸದ್ದು. ಅವಳು ಸ್ಕೂಟಿ ಮೇಲಿದ್ದಳು.

"ಅಕ್ಕಾ, ಫೋನಿನ ಬೆಳಕು ಆರಿಸಿ. ಕತ್ತಲಲ್ಲಿ ಅವು ಹಾರಲ್ಲ, ಹರಿದಾಡ್ತವೆ. ಸೆರಗು ಹೊದ್ಕೊಂಡು ಮೂಲೇಲಿ ಮುದುರಿಕೊಳ್ಳಿ. ಬಾಯಲ್ಲಿ ಉಸಿರು ಬಿಡ್ಬೇಡಿ. ನಮ್ಮ ಉಸಿರು ತಾಗಿದ್ರೆ ಅವಕ್ಕೆ ಸಿಟ್ಟು."

"ಉಸಿರಾಡ್ದೆ ಹ್ಯಾಗಿರ್ಲಿ?"

"ಸೆರಗಿನೊಳಗೆ. ಮೆಲ್ಲಗೆ. ಹೊಡಿಬೇಡಿ, ಕೊಡವಬೇಡಿ. ಒಂದು ಸತ್ರೆ ಆ ವಾಸ್ನೆಗೆ ಹತ್ತು ಬರ್ತವೆ."

ಫೋನನ್ನು ಸೆರಗಿನೊಳಗೆ ಎಳೆದುಕೊಂಡು ಮುದುರಿಕೊಂಡೆ. ಕುತ್ತಿಗೆಯ ಮೇಲೆ ಹುಳು ನಡೆಯುತ್ತಿತ್ತು. ಕೂದಲೊಳಗೆ ಇನ್ನೊಂದು. ಬೆವರು ಕಣ್ಣಿಗೆ ಇಳಿಯಿತು. ಒರೆಸಲಿಲ್ಲ. ತಗಡು ಎಷ್ಟು ಕಾದಿತ್ತೆಂದರೆ ಬೆನ್ನು ತಾಗಿಸಲು ಆಗುತ್ತಿರಲಿಲ್ಲ. ಗಾಡಿ ಹಳ್ಳಕ್ಕೆ ಇಳಿದು ಎದ್ದಾಗಲೆಲ್ಲ ಪೆಟ್ಟಿಗೆಗಳು ಒಟ್ಟಿಗೆ ಗುಂಯ್ ಎಂದವು.

ಗಾಡಿ ನಿಂತಿತು.

"ಅಕ್ಕಾ, ರೈಲ್ವೆ ಗೇಟ್ ಹಾಕಿದೆ," ಎಂದಳು ಕೋಮಲಾ. "ನಾನು ಈ ಕಡೆ ಇದೀನಿ. ನಮ್ ಗಾಡಿ ಆ ಕಡೆ ಕಾಣ್ತಾ ಇದೆ."

ದೂರದಲ್ಲಿ ರೈಲು ಕೂಗಿತು.

"ಗೇಟ್ ತೆಗೆಯೋವರ್ಗೂ ಅಲ್ಲೇ ಇರು," ಎಂದೆ.

ಯಾರೋ ಗಂಡಸು "ಏಯ್, ರೈಲು ಬತ್ತೈತೆ, ನಿಂತ್ಕೊಳಮ್ಮಾ" ಎಂದು ಅರಚಿದ್ದು ಫೋನಿನಲ್ಲೂ ಕೇಳಿಸಿತು, ಹೊರಗಿನಿಂದಲೂ ಕೇಳಿಸಿತು. ನೆಲ ನಡುಗಿತು. ರೈಲಿನ ಸದ್ದು ಎಲ್ಲವನ್ನೂ ನುಂಗಿತು.

ಅದರ ನಡುವೆಯೇ ಚಿಲಕ ಸರಿಯಿತು. ಬೆಳಕು ಒಳಗೆ ನುಗ್ಗಿತು.

ಹುಳುಗಳೆಲ್ಲ ಬೆಳಕಿನ ಕಡೆ ಹಾರಿದವು. ನಾನು ಕೆಳಗೆ ಉರುಳಿದೆ. ಕೋಮಲಾ ನನ್ನ ಮೇಲೆ ಹೊಗೆ ಬಿಡುತ್ತ ನಿಂತಿದ್ದಳು. ಮುಖಕ್ಕೆ ಜಾಲರಿ ಇರಲಿಲ್ಲ, ಕೈಗೆ ಗ್ಲೌಸು ಇರಲಿಲ್ಲ. ಸ್ಕೂಟಿಯಲ್ಲಿದ್ದ ತಿದಿಗೆ ಬೆಂಕಿ ಹಚ್ಚಿಕೊಂಡು, ಕೈಯಲ್ಲಿ ಹಿಡಿದು, ರೈಲಿನ ಮುಂದೆ ಹಳಿ ದಾಟಿ ಬಂದಿದ್ದಳು. ಗೇಟಿನಲ್ಲಿ ನಿಂತಿದ್ದ ಬೈಕಿನವರು ಗಾಡಿ ಬಿಟ್ಟು ಹೊಲದ ಕಡೆ ಓಡುತ್ತಿದ್ದರು.

ರುದ್ರಮೂರ್ತಿ ಕ್ಯಾಬಿನ್ನಿನಲ್ಲಿದ್ದ. ಸೆಕೆ ತಡೆಯಲಾಗದೆ ಜಾಲರಿ ತೆಗೆದು ಪಕ್ಕಕ್ಕೆ ಇಟ್ಟಿದ್ದ. ಗ್ಲಾಸು ಏರಿಸಿ ಲಾಕ್ ಮಾಡಿಕೊಂಡಿದ್ದ. ಗ್ಲಾಸಿನ ಹೊರಗೆ ಹುಳುಗಳು.

ಕೋಮಲಾ ಅವನ ಕಡೆ ನೋಡಲಿಲ್ಲ. ಒಡೆದ ಪೆಟ್ಟಿಗೆಯನ್ನು ರಸ್ತೆಯ ಬದಿಗೆ ಇಳಿಸಿ, ಅದರ ಮುಂದೆ ಮಂಡಿಯೂರಿ ಬರಿಗೈಯಲ್ಲಿ ಚೌಕಟ್ಟು ಎತ್ತಿದಳು. ರಾಣಿ ಹುಡುಕುತ್ತಿದ್ದಳು. ನನ್ನನ್ನು ಕೊಲ್ಲಲು ಬಂದಿದ್ದ ಅದೇ ಹುಳುಗಳು ಅವಳ ಮುಂಗೈ ಮೇಲೆ ಹರಿದಾಡಿದವು. ಕುಟುಕಲಿಲ್ಲ.

ಅವನು ಸೈಡ್ ಮಿರರಿನಲ್ಲಿ ಅದನ್ನೇ ನೋಡುತ್ತಿದ್ದ.

"ನೋಡಿದ್ರಾ ಮೇಡಂ," ಎಂದು ಗ್ಲಾಸಿನ ಒಳಗಿಂದ ಕೂಗಿದ. "ನಮ್ಮಪ್ಪನ ಹುಳ ಅವು. ನನ್ ಹುಳ. ನಂಗೆ ವಿಷ. ಎಲ್ಲಿಂದ್ಲೋ ಬಂದೋಳು, ಅವಳಿಗೆ..." ಸ್ಟಿಯರಿಂಗಿಗೆ ಗುದ್ದಿದ. "ನಡುವೆ ಬಂದಿದ್ದು ಗಂಡಸಾಗಿದ್ದಿದ್ರೆ ಒದ್ದು ಓಡಿಸ್ತಿದ್ದೆ. ಹುಳಾನ ಹೆಂಗೆ ಒದೀಲಿ?"

ಕ್ಯಾಬಿನ್ನಿನ ಹಿಂದೆ ಒಂದು ಸಣ್ಣ ಕಿಂಡಿ ಇತ್ತು. ಅದರ ರಬ್ಬರು ಹರಿದಿತ್ತು. ಒಂದೇ ಒಂದು ಹುಳು ಅಲ್ಲಿಂದ ಒಳಗೆ ಹೋಯಿತು.

ಅವನು ಕುತ್ತಿಗೆಗೆ ಫಟ್ಟನೆ ಹೊಡೆದುಕೊಂಡ. ಆಮೇಲೆ ಅಂಗೈ ನೋಡಿಕೊಂಡ.

ಆ ಮುಖ ಮರೆಯುವಂಥದ್ದಲ್ಲ.

ಬಹಳ ಬೇಗ ಆಯಿತು. ತುಟಿ ಊದಿತು. ಕುತ್ತಿಗೆ ಕೆಂಪಾಯಿತು. ಕೈ ಬಾಗಿಲಿನ ಲಾಕ್ ಹುಡುಕಿತು, ಸಿಗಲಿಲ್ಲ. ಸ್ಟಿಯರಿಂಗಿನ ಮೇಲೆ ಒರಗಿದ. ಹಾರನ್ ಒಂದೇ ಸಮ ಕೂಗತೊಡಗಿತು.

ಕೋಮಲಾ ತಲೆ ಎತ್ತಿದಳು.

"ಅಕ್ಕಾ, ಗ್ಲಾಸ್ ಒಡೀರಿ."

ಅರೆಗಣ್ಣಿನಲ್ಲಿ ಹಳಿಯ ಬದಿಯ ಜಲ್ಲಿಕಲ್ಲು ತಡಕಿ ತಂದು ಗ್ಲಾಸಿಗೆ ಬಡಿದೆ. ಅದು ಪುಡಿಯಾಯಿತು. ಅವಳು ಒಳಗೆ ಹೊಗೆ ಬಿಟ್ಟಳು, ಬಾಗಿಲು ತೆಗೆದಳು, ಅವನನ್ನು ನೆಲಕ್ಕೆ ಎಳೆದಳು. ಸೊಂಟದ ಪರ್ಸಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು. ಸಿರಿಂಜು, ಪುಟ್ಟ ಗಾಜಿನ ಬಾಟಲಿ. ಬಾಟಲಿಯ ಕುತ್ತಿಗೆ ಮುರಿದು ಔಷಧಿ ಎಳೆದು ಸೂಟಿನ ಮೇಲಿಂದಲೇ ಅವನ ತೊಡೆಗೆ ಚುಚ್ಚಿದಳು.

"ಇದನ್ನ ಯಾವಾಗ್ಲೂ ಇಟ್ಕೊಂಡಿರ್ತೀಯಾ?" ಎಂದೆ.

"ಎರಡು ವರ್ಷದಿಂದ," ಎಂದಳು. "ಅವ್ರಿಗೇನು ಗೊತ್ತು."

ಅಜ್ಜಂಪುರದ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತರೀಕೆರೆ. ಸಂಜೆಯ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಎಂದರು. ತೀರ್ಥಮ್ಮ ಬಂದು ಮಗನ ಮಂಚದ ಪಕ್ಕ ಕೂತಿದ್ದರು. ಸೊಸೆ ಎಲ್ಲವನ್ನೂ ಹೇಳಿದಳು. ಸಖರಾಯಪಟ್ಟಣದ ಪೆಟ್ಟಿಗೆ, ತರೀಕೆರೆಯ ಪೆಟ್ಟಿಗೆ, ಗಾಡಿಯೊಳಗಿನ ನಾನು. ಮುದುಕಿ ನನ್ನ ಬಾತ ಮುಖ ನೋಡಿ ಕೈ ಮುಗಿದರು.

ರುದ್ರಮೂರ್ತಿ ಕಣ್ಣು ಬಿಟ್ಟ. ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಅವಳು ಬಗ್ಗಿದಳು. ಕ್ಷಮೆ ಕೇಳುತ್ತಾನೆ ಎಂದು ನನಗೂ ಅನ್ನಿಸಿತು.

"ಇಂಜೆಕ್ಷನ್ ಚುಚ್ಚೋದು ಯಾರು ಹೇಳ್ಕೊಟ್ರು?" ಎಂದ. "ಆ ತೀರ್ಥೇಶನಾ?"

ಕೋಮಲಾ ನೆಟ್ಟಗೆ ನಿಂತಳು. ತೀರ್ಥಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡರು.

ಬಾಗಿಲಲ್ಲಿ ಎಸ್‌ಐ ಕಾಯುತ್ತಿದ್ದ. ಹಿಂದೆ ನನ್ನ ಕೈಕೆಳಗೆ ಠಾಣೆಯ ಕೆಲಸ ಕಲಿತ ಹುಡುಗ.

"ಮೀನಾಕ್ಷಕ್ಕಾ, ಕಂಪ್ಲೇಂಟ್ ಕೊಡ್ತೀರಾ, ರಾಜಿ ಆಗ್ತೀರಾ?"

ನಾನು ಕೋಮಲಾಳ ಮುಖ ನೋಡಿದೆ. ಅವಳು ಬೇಡ ಎನ್ನುತ್ತಾಳೇನೋ ಎಂದು ಕಾದೆ.

"ಕೊಡಿ ಅಕ್ಕಾ," ಎಂದಳು.

ನನ್ನ ಬೆರಳುಗಳು ಬಾಳೆಹಣ್ಣಿನಂತೆ ಊದಿದ್ದವು. ಪೆನ್ನು ಹಿಡಿಯಲು ಆಗಲಿಲ್ಲ. ಅವಳೇ ಪೆನ್ನು ತೆಗೆದುಕೊಂಡು, ಬೆಂಚಿನ ಮೇಲೆ ಕೂತು, ನಾನು ಹೇಳಿದಂತೆ ಬರೆದಳು. ಗಂಡನ ಹೆಸರು ಬಂದಾಗ ಒಂದು ಕ್ಷಣ ನಿಲ್ಲಿಸಿದಳು. ಆಮೇಲೆ ಅದನ್ನೂ ಬರೆದಳು.

ದುಂಡಗಿನ ಅಕ್ಷರ. ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ.

ಕಾಗದವನ್ನು ಎಸ್‌ಐ ಕೈಗೆ ಕೊಟ್ಟೆ.

"ಇದನ್ನ ಅವನಿಗೆ ತೋರಿಸ್ಬೇಡ ಕಣೋ," ಎಂದೆ. "ಅಕ್ಷರಕ್ಕೂ ಹೊಟ್ಟೆ ಉರ್ಕೋತಾನೆ."